15ನೇ ಸ್ಥಾನಕ್ಕೆ ಬಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಿಂದ ಈ ಸಲ ಏನು ಕೇಳಬಹುದು? (2025–26ರ ಸೀಸನ್ ಶುರುವಾಗುವ ಮುಂಚೆ ಅಭಿಮಾನಿಗಳ ನಡುವೆ ನಡೆದ ಚರ್ಚೆ)

ಕೆಂಪಂಗಿ:
ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 2025–26ರ ಹೊಸ ಸೀಸನ್ ವೇಳಾಪಟ್ಟಿ ಬಂದಿದೆ. ಆಗಸ್ಟ್ 17ಕ್ಕೆ ನಮ್ಮ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಪಂದ್ಯವೇ ಆರ್ಸೆನಲ್ ಜೊತೆ. ಚೆಂಡು ಉರುಳುವ ಮುಂಚೆಯೇ ನಮ್ಮವರ ಜಗಳ ಶುರುವಾಗಿದೆ. ಲೆಕ್ಕ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. 2024–25ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 15ನೇ ಸ್ಥಾನ, 42 ಅಂಕ, 38 ಪಂದ್ಯಕ್ಕೆ 44 ಗೋಲು. ನವೆಂಬರ್‌ನಲ್ಲಿ ಕೋಚ್ ಆಗಿ ಬಂದ ರೂಬೆನ್ ಅಮೊರಿಮ್ ಕೈಯಲ್ಲಿ 27 ಲೀಗ್ ಪಂದ್ಯ, 27 ಅಂಕ. ಸ್ಪೇನಿನ ಬಿಲ್ಬಾವೊದಲ್ಲಿ, ಯುರೋಪಿನ ಕ್ಲಬ್ ಟೂರ್ನಿ ಯುರೋಪಾ ಲೀಗ್ ಫೈನಲನ್ನು ಟಾಟನ್‌ಹ್ಯಾಮ್‌ಗೆ 1–0ರಲ್ಲಿ ಬಿಟ್ಟುಕೊಟ್ಟೆವು. ಈ ವರ್ಷ ಯುರೋಪಿನ ಪಂದ್ಯಗಳೇ ಇಲ್ಲ. ನಾನು ಹೇಳುವುದು ಇಷ್ಟೇ: ಕಪ್ ಗಿಪ್ ಅಂತ ಈ ಸಲ ಬಾಯಿ ಬಿಡಬೇಡಿ. ತಂಡ ಕಟ್ಟೋಕೆ ಟೈಮ್ ಬೇಕು. ನಮ್ಮ ಹಳೆಯ ಮಹಾನ್ ಕೋಚ್ ಫರ್ಗುಸನ್‌ಗೇ ಮೊದಲ ಕಪ್‌ಗೆ ಮೂರೂವರೆ ವರ್ಷ ಹಿಡಿಯಿತು.

ಗೋಲುಗಾರ:
“ಟೈಮ್ ಬೇಕು” ಅನ್ನೋದನ್ನ 2013ರಿಂದ ಕೇಳುತ್ತಿದ್ದೇನೆ ಗುರು. ಫರ್ಗುಸನ್ ಆದಮೇಲೆ ಕೋಚ್ ಆದ ಮೋಯೆಸ್‌ಗೆ ಆರು ವರ್ಷದ ಕರಾರು ಬರೆದುಕೊಟ್ಟು ಹತ್ತೇ ತಿಂಗಳಿಗೆ ಕಳಿಸಿದರು. ವಾನ್ ಗಾಲ್, ಮೊರಿನ್ಯೊ, ಸೋಲ್ಷಾರ್, ಟೆನ್ ಹಾಗ್, ಎಲ್ಲರೂ ಕಟ್ಟುತ್ತಲೇ ಇದ್ದರು. ಹನ್ನೆರಡು ವರ್ಷದಿಂದ ಪಾಯ ತೋಡುತ್ತಾ ಕೂತಿದ್ದೇವೆ. ಗೋಡೆ ಯಾವಾಗ ಏಳುತ್ತದೆ? 15ನೇ ಸ್ಥಾನಕ್ಕೆ ಇಳಿಯೋದು ಕಟ್ಟೋದಲ್ಲ, ಇದ್ದದ್ದನ್ನೂ ಕೆಡವೋದು.

ಫಿರಂಗಿ:
ಆರ್ಸೆನಲ್ ಕಡೆಯವನು ನಾನು, ಆದರೂ ಒಂದು ಮಾತು. “ಎಲ್ಲರೂ ಕಟ್ಟುತ್ತಲೇ ಇದ್ದರು” ಅಂದಿರಲ್ಲ, ಒಬ್ಬರನ್ನಾದರೂ ಮುಗಿಸೋಕೆ ಬಿಟ್ಟಿರಾ? ನಾವು ನಮ್ಮ ಕೋಚ್ ಆರ್ಟೆಟಾ ಅವರನ್ನು ಕೆಲಸ ಮುಂದುವರಿಸೋಕೆ ಬಿಟ್ಟೆವು. ಎರಡು ಸೀಸನ್ ಸತತ 8ನೇ ಸ್ಥಾನ. 2021ರ ಆಗಸ್ಟ್‌ನಲ್ಲಿ ಲೀಗಿನ ಮೊದಲ ಮೂರೂ ಪಂದ್ಯ ಸೋಲು, ಒಂದೂ ಗೋಲಿಲ್ಲ, ಮೂರನೆಯದರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೈಲಿ 5–0. ಆಗ ನಮ್ಮ ಮನೆಯಲ್ಲೂ ಇದೇ ಗಲಾಟೆ. ಈಗ ನೋಡಿ, ಮೂರು ವರ್ಷದಿಂದ ಎರಡನೇ ಸ್ಥಾನ.

ಗೋಲುಗಾರ:
“ಎರಡನೇ ಸ್ಥಾನ” ಅಂತ ಎದೆ ಉಬ್ಬಿಸಿಕೊಂಡು ಹೇಳುವವರನ್ನು ಇವತ್ತೇ ನೋಡಿದ್ದು. ಇರಲಿ. ಆರ್ಟೆಟಾ ಬಂದ ಎಂಟು ತಿಂಗಳೊಳಗೆ, 2020ರ ಆಗಸ್ಟ್ 1ಕ್ಕೆ, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್ಎ ಕಪ್ ಎತ್ತಿದ್ದರು. ಅದನ್ನ ಯಾಕೆ ನುಂಗಿಕೊಂಡೆ? ಕಪ್ ಕೊಟ್ಟವನಿಗೆ ಟೈಮ್ ಕೊಡಬಹುದು. ನಮ್ಮ ಅಮೊರಿಮ್ ಕೊಟ್ಟದ್ದೇನು? ಜನವರಿಯಲ್ಲಿ ಬ್ರೈಟನ್ 3–1 ಹೊಡೆದ ಮೇಲೆ, ಬಹುಶಃ ಈ ಕ್ಲಬ್ಬಿನ ಇತಿಹಾಸದಲ್ಲೇ ಕಳಪೆ ತಂಡ ಇದು ಅಂತ ತಾವೇ ಹೇಳಿಕೊಂಡರು.

ಎಡಗಾಲು ಸುಮ:
ಒಂದು ಪ್ರಶ್ನೆ. ಕಪ್ ಕೇಳಬಾರದು, ಸರಿ. ಹಾಗಾದರೆ ತಂಡ ಸುಧಾರಿಸುತ್ತಿದೆ ಅಂತ ಗೊತ್ತಾಗುವುದು ಹೇಗೆ? ಬಿಲ್ಬಾವೊ ಪಂದ್ಯವನ್ನು ನಾನು ಎರಡು ಸಲ ನೋಡಿದೆ. 42ನೇ ನಿಮಿಷ. ಎಡಗಡೆಯಿಂದ ಟಾಟನ್‌ಹ್ಯಾಮ್‌ನ ಸಾರ್ ಚೆಂಡು ಒಳಗೆ ಹಾಕುತ್ತಾರೆ. ಅವರ ಜಾನ್ಸನ್, ನಮ್ಮ ಶಾ ಇಬ್ಬರೂ ಅದರ ಮೇಲೆ ಬೀಳುತ್ತಾರೆ. ಚೆಂಡು ಶಾ ಮೈಗೆ ಬಡಿದು, ಜಾನ್ಸನ್ ಕಾಲಿಗೆ ಸಿಕ್ಕಿಯೂ ಸಿಗದ ಹಾಗೆ ತಾಗಿ, ಮೆಲ್ಲಗೆ ಗೆರೆ ದಾಟುತ್ತದೆ. ಅಂಥ ಗೋಲು ಯಾರ ಮೇಲಾದರೂ ಆಗುತ್ತದೆ, ಬಿಡಿ. ನನಗೆ ಬೇಜಾರಾಗಿದ್ದು ಆಮೇಲಿನದು. ಟಾಟನ್‌ಹ್ಯಾಮ್ ಹಿಂದೆ ಸರಿದು ಬಾಗಿಲು ಹಾಕಿಕೊಂಡಿತು, ಚೆಂಡು ಪೂರ್ತಿ ನಮ್ಮ ಹತ್ತಿರವೇ. ಹಾಯ್ಲುಂಡ್ ಹೆಡ್ ಮಾಡಿದ್ದನ್ನು ವಾನ್ ಡೆ ವೆನ್ ಹಾರಿ ಗೆರೆ ಮೇಲಿಂದ ಒದ್ದು ತೆಗೆದರು. ಅಂಥ ಒಂದೆರಡು ಬಿಟ್ಟರೆ ಚೆಂಡು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಅಷ್ಟೇ. ಡಿಸೆಂಬರ್ ಹೊತ್ತಿಗೆ ಏನು ಕಂಡರೆ ದಾರಿ ಸರಿ ಇದೆ ಅನ್ನುತ್ತೀರಿ? ಅಂಕವೇ, ಗೋಲೇ, ಆಟದ ರೀತಿಯೇ?

ಕೆಂಪಂಗಿ:
“ಕಪ್ ಕೊಟ್ಟವನಿಗೆ ಟೈಮ್” ಅಂತೆ! ಅದೇ ಬಿಲ್ಬಾವೊ ಕಪ್ ಎತ್ತಿದ ಕೋಚ್ ಪೊಸ್ಟೆಕೊಗ್ಲೂ ಅವರನ್ನು ಟಾಟನ್‌ಹ್ಯಾಮ್ ಹದಿನಾರೇ ದಿನಕ್ಕೆ ತೆಗೆದುಹಾಕಿತು. ಗೋಲುಗಾರ್ರೇ, ನಿಮ್ಮ ನಿಯಮ ಅವರಿಗೂ ಗೊತ್ತಿಲ್ಲ ಪಾಪ. ಮತ್ತೆ 1989ರಲ್ಲಿ ಫರ್ಗುಸನ್ ಏನು ಕೊಟ್ಟಿದ್ದರು? ಸಿಟಿ ಕೈಲಿ 5–1 ಸೋಲು. ಡಿಸೆಂಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲೇ ಬ್ಯಾನರ್ ಹಿಡಿದರು: ಮೂರು ವರ್ಷದಿಂದ ಬರೀ ನೆಪ, ಇನ್ನೂ ಹೊಲಸೇ, ಹೋಗಿ ಬಾ ಫರ್ಗಿ. ಆ ಬ್ಯಾನರಿನ ಇನ್ನೊಂದು ತುದಿ ನಿಮ್ಮ ಕೈಲಿತ್ತೋ ಏನೋ.

ಬೆಂಚ್ ಬಾಯ್:
ಆಗ ಗೋಲುಗಾರ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಎರಡೂ ತುದಿ ಒಬ್ಬನೇ ಹಿಡಿಯುತ್ತಿದ್ದ.

ಗೋಲುಗಾರ:
ಹಿಡಿಯುತ್ತಿದ್ದೆ, ಏನೀಗ? ಆ ಬ್ಯಾನರಿನಲ್ಲಿ ಸುಳ್ಳೇನಿತ್ತು? ಆ ಸೀಸನ್ ಮುಗಿದಾಗ ತಂಡ 13ನೇ ಸ್ಥಾನದಲ್ಲಿತ್ತು. ದುಡ್ಡು ಕೊಟ್ಟು ಬಂದವನು ಕಂಡದ್ದನ್ನು ಬರೆದ. ಮುಂದೆ ಫರ್ಗುಸನ್ ದೇವರಾಗುತ್ತಾರೆ ಅಂತ ಆವತ್ತು ಯಾರಿಗೆ ಕನಸು ಬಿದ್ದಿತ್ತು? ನಿಮ್ಮ ವಾದ ಹೇಗಿದೆ ಅಂದರೆ, ಒಬ್ಬರು ಸಾಲ ತೀರಿಸಿದರು ಅಂತ ಬಂದವರಿಗೆಲ್ಲ ಸಾಲ ಕೊಡಿ.

ನೈಂಟೀಸ್ ನಂಜುಂಡ:
ಇಬ್ಬರೂ ಅರ್ಧ ಓದಿ ಮಾತಾಡುತ್ತಿದ್ದೀರಿ. ಫರ್ಗುಸನ್ ಮೂರೂವರೆ ವರ್ಷ ಏನೂ ಕೊಡಲಿಲ್ಲ ಅನ್ನುವುದು ತಪ್ಪು. 1986ರ ನವೆಂಬರ್‌ನಲ್ಲಿ ಬಂದಾಗ ತಂಡ ಪಟ್ಟಿಯ ತಳದ ಹತ್ತಿರವಿತ್ತು, ಆ ವರ್ಷ 11ಕ್ಕೆ ತಂದರು. ಮೊದಲ ಪೂರ್ತಿ ಸೀಸನ್, 1987–88, ಎರಡನೇ ಸ್ಥಾನ. ಆಮೇಲೆ 11, ಆಮೇಲೆ 13. ಏರಿ ಇಳಿದದ್ದು. ಇಳಿದಾಗಲೂ ಕೈ ಕಟ್ಟಿ ಕೂರಲಿಲ್ಲ. 1989ರಲ್ಲಿ ಪ್ಯಾಲಿಸ್ಟರ್ ಒಬ್ಬರಿಗೇ 23 ಲಕ್ಷ ಪೌಂಡ್ ಸುರಿದರು. ಇನ್ಸ್, ವೆಬ್ ಎಲ್ಲ ಅದೇ ವರ್ಷ ಬಂದವರು. ತಾಳ್ಮೆಯ ಕತೆ ಹೇಳುವವರು ಖರ್ಚಿನ ಕತೆಯನ್ನೂ ಹೇಳಬೇಕು.

ಕೆಂಪಂಗಿ:
ಖರ್ಚಾ? ಈಗಲೂ ಆಗುತ್ತಿದೆ ನಂಜುಂಡಣ್ಣ. ಕುನ್ಯಾ ಬಂದರಲ್ಲ, 6.25 ಕೋಟಿ ಪೌಂಡ್. ಹೋದ ಸೀಸನ್ ವುಲ್ವ್ಸ್ ತಂಡದ ಪರ ಲೀಗಿನಲ್ಲಿ 15 ಗೋಲು ಹೊಡೆದವರು. ಕೋಚ್‌ಗೆ ಬೇಕಾದವರನ್ನು ತಂದುಕೊಡದೆ ಕಳಿಸುವುದು ನ್ಯಾಯ ಅಲ್ಲ. ಫರ್ಗುಸನ್‌ಗೆ ಕೊಟ್ಟರು, ಅವರು ಉಳಿದರು. ಅದೂ ಕೂದಲೆಳೆಯಲ್ಲಿ. 1990ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ನಮ್ಮ ಮಾರ್ಕ್ ರಾಬಿನ್ಸ್ ಆ ಹೆಡರ್ ಹಾಕದಿದ್ದರೆ ಫರ್ಗುಸನ್ ಆ ವಾರವೇ ಮನೆಗೆ.

ಗೋಲುಗಾರ:
ಕುನ್ಯಾ 15 ಗೋಲು ಹೊಡೆದ ವುಲ್ವ್ಸ್ ಎಷ್ಟನೇ ಸ್ಥಾನ ಗೊತ್ತಾ? 16. ಅವರದೂ 42 ಅಂಕ. ನಮ್ಮಷ್ಟೇ. ಸುಮ್ನೆ ಹೇಳಿದೆ.

ನೈಂಟೀಸ್ ನಂಜುಂಡ:
“ಆ ವಾರವೇ ಮನೆಗೆ” ಅನ್ನುವುದು ಕಟ್ಟುಕತೆ. ಆಗಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಎಷ್ಟೋ ಸಲ ಹೇಳಿದ್ದಾರೆ, ಫರ್ಗುಸನ್ ಕೆಲಸಕ್ಕೆ ಕುತ್ತು ಇರಲಿಲ್ಲ ಅಂತ. ಪತ್ರಿಕೆಯವರಿಗೆ ಒಂದು ಒಳ್ಳೆಯ ಕತೆ ಬೇಕಿತ್ತು, ರಾಬಿನ್ಸ್ ಸಿಕ್ಕರು.

ಗೋಲುಗಾರ:
ಇಪ್ಪತ್ತಾರು ವರ್ಷ ಕಪ್ ಮೇಲೆ ಕಪ್ ಗೆದ್ದವರನ್ನು “ನಾನು ತೆಗೆಯಬೇಕು ಅಂತಿದ್ದೆ” ಎಂದು ಯಾವ ಅಧ್ಯಕ್ಷ ಒಪ್ಪಿಕೊಳ್ಳುತ್ತಾನೆ? ಮದುವೆ ಮುಗಿದ ಮೇಲೆ ಹುಡುಗಿ ಮೊದಲೇ ಇಷ್ಟವಾಗಿದ್ದಳು ಅನ್ನುವ ಹಾಗೆ.

ನೈಂಟೀಸ್ ನಂಜುಂಡ:
ಒಪ್ಪದಿದ್ದರೆ ಬೇರೆ ಪುರಾವೆ ತನ್ನಿ. ಗಾದೆ ಪುರಾವೆ ಅಲ್ಲ.

ಕೆಂಪಂಗಿ:
ನಂಜುಂಡಣ್ಣ, ನೀವು ಹೇಳಿದ್ದು ನಿಜವಾದರೆ ನನ್ನ ವಾದವೇ ಗೆದ್ದಿತಲ್ಲ? 13ನೇ ಸ್ಥಾನದಲ್ಲಿದ್ದರೂ ಕ್ಲಬ್ ಅಲುಗಲಿಲ್ಲ ಅಂತ ತಾನೇ ಅರ್ಥ?

ನೈಂಟೀಸ್ ನಂಜುಂಡ:
ನಿಮ್ಮ ವಾದ ಗೆಲ್ಲಿಸೋಕೆ ನಾನು ಬರೆದದ್ದಲ್ಲ. ನೀವು ರಾಬಿನ್ಸ್ ವಿಷಯ ತಪ್ಪು ಹೇಳಿದಿರಿ, ತಿದ್ದಿದೆ.

ಬೆಂಚ್ ಬಾಯ್:
ನಂಜುಂಡಣ್ಣ ಯಾರ ಕಡೆ ಅಂತ ಯಾರಾದರೂ ಹೇಳುತ್ತೀರಾ?

ಎಡಗಾಲು ಸುಮ:
1990 ಮುಗಿದಿದ್ದರೆ ಈಗಿನದಕ್ಕೆ ಬರೋಣವೇ? ಅಮೊರಿಮ್ ಆಡಿಸುವ 3-4-3ರಲ್ಲಿ (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು) ನಡುವಿನ ನಾಲ್ವರಲ್ಲಿ ಇಬ್ಬರು ಅಂಚಿಗೆ, ಮಧ್ಯದಲ್ಲಿ ಇಬ್ಬರೇ. ಎದುರಾಳಿ ಅಲ್ಲಿ ಮೂವರನ್ನು ನಿಲ್ಲಿಸಿದರೆ ಒಬ್ಬ ಸದಾ ಖಾಲಿ ಸಿಗುತ್ತಾನೆ. ಕಾಸೆಮಿರೊ ಅವನ ಹಿಂದೆ ಹೋದರೆ ಡಿಫೆನ್ಸ್ ಮುಂದೆ ಜಾಗ ತೆರೆಯುತ್ತದೆ. ಹೋಗದಿದ್ದರೆ ಅವನು ತಲೆಯೆತ್ತಿ ಆರಾಮಾಗಿ ಪಾಸ್ ಕೊಡುತ್ತಾನೆ. ಅಂಚಿನ ಇಬ್ಬರು ಇಡೀ ಮೈದಾನ ಓಡಬೇಕು. ಆ ಕೆಲಸಕ್ಕೇ ಫೆಬ್ರುವರಿಯಲ್ಲಿ ಡೋರ್ಗು ಅವರನ್ನು ತಂದದ್ದು. ಯುರೋಪ್ ಇಲ್ಲ ಅಂದರೆ ಈ ಸಲ ಅಭ್ಯಾಸಕ್ಕೆ ವಾರದ ನಡುವೆ ದಿನ ಸಿಗುತ್ತದೆ. ಹಾಗಾಗಿ ನನ್ನ ಅಳತೆ ಇದು: ಹೋದ ಸಲ ಲೀಗಿನಲ್ಲಿ 54 ಗೋಲು ಬಿಟ್ಟಿದ್ದೇವೆ, ಅದು ಕಡಿಮೆಯಾಗಬೇಕು. ಮಧ್ಯದ ಆ ತೂತು ಮುಚ್ಚಬೇಕು. ಸ್ಥಾನ ಆಮೇಲೆ ನೋಡೋಣ. ಒಪ್ಪುತ್ತೀರಾ, ಇಲ್ಲವಾ?

ಗೋಲುಗಾರ:
“ಸ್ಥಾನ ಆಮೇಲೆ ನೋಡೋಣ” ಅಂತೀರಲ್ಲ ಮೇಡಂ, 15ನೇ ಸ್ಥಾನ ನೋಡಿದ ಮೇಲೂ! ಇದೆಲ್ಲ ಪುಸ್ತಕದ ಬದನೆಕಾಯಿ. ಒಳ್ಳೆ ಕೋಚ್ ಬಂದರೆ ಬೇಗ ಕಾಣುತ್ತದೆ. ಚಾಬಿ ಅಲೊನ್ಸೊ 2022ರ ಅಕ್ಟೋಬರ್‌ನಲ್ಲಿ, ಸೀಸನ್ ನಡುವೆಯೇ, ಜರ್ಮನಿಯ ಲೆವರ್‌ಕೂಸನ್‌ಗೆ ಕೋಚ್ ಆಗಿ ಬಂದರು. ತಂಡ ಕೊನೆಯಿಂದ ಎರಡನೆಯದು. ಮೇ ಹೊತ್ತಿಗೆ 6ನೇ ಸ್ಥಾನ. ಮರುವರ್ಷ ಲೀಗಿನಲ್ಲಿ ಒಂದೂ ಸೋಲಿಲ್ಲದೆ ಚಾಂಪಿಯನ್. ಅಮೊರಿಮ್ ಬಂದಾಗ ನಾವು 13, ಮುಗಿಸಿದ್ದು 15.

ಫಿರಂಗಿ:
“ಕೊನೆಯಿಂದ ಎರಡನೆಯದು” ಅನ್ನೋದು ಸರಿ. ಆದರೆ ಅದೇ ಲೆವರ್‌ಕೂಸನ್ ಅದರ ಹಿಂದಿನ ಸೀಸನ್ ಮೂರನೇ ಸ್ಥಾನದಲ್ಲಿ ಮುಗಿಸಿತ್ತು. ಎಂಜಿನ್ ಚೆನ್ನಾಗಿತ್ತು, ಡ್ರೈವರ್ ಬದಲಾದರು. ನಿಮ್ಮದು ಹಾಗಲ್ಲ. ಅಮೊರಿಮ್ ಬರುವ ಹಿಂದಿನ ಸೀಸನ್ನೂ ನೀವು 8ನೇ ಸ್ಥಾನವೇ ಅಲ್ವಾ?

ಗೋಲುಗಾರ:
ಆ 8ನೇ ಸ್ಥಾನದ ತಂಡವೇ ಎಫ್ಎ ಕಪ್ ಗೆದ್ದಿತ್ತು, ಫೈನಲಿನಲ್ಲಿ ಸಿಟಿಯನ್ನು ಹೊಡೆದು. ಐದು ವರ್ಷದಿಂದ ಶೋಕೇಸ್ ಒರೆಸುತ್ತಾ ಕೂತವನ ಹತ್ತಿರ ನಾನು ಪಾಠ ಕಲಿಯಬೇಕಾ?

ಫಿರಂಗಿ:
ಕಲಿಯಬೇಡಿ. ಆಗಸ್ಟ್ 17ಕ್ಕೆ ನಾವೇ ಬಂದು ಹೇಳಿಕೊಡುತ್ತೇವೆ.

ಕೆಂಪಂಗಿ:
ಫಿರಂಗಿಯವರು ಹೇಳಿದ ಎಂಜಿನ್ ಮಾತು ಸರಿ. ಅಮೊರಿಮ್‌ಗೆ ಬುದ್ಧಿ ಇಲ್ಲದೆ ಇಲ್ಲ. ಸ್ಪೋರ್ಟಿಂಗ್‌ಗೆ 19 ವರ್ಷದ ಮೇಲೆ ಪೋರ್ಚುಗಲ್ ಲೀಗ್ ಗೆದ್ದುಕೊಟ್ಟವರು. ಏಪ್ರಿಲ್‌ನ ಲಿಯಾನ್ ಪಂದ್ಯ ಮರೆತಿರಾ? ಎಕ್ಸ್‌ಟ್ರಾ ಟೈಮ್‌ನಲ್ಲಿ 4–2 ಹಿಂದಿದ್ದೆವು. ಬ್ರೂನೊ ಪೆನಾಲ್ಟಿ, ಮೈನೂ, ಕೊನೆಗೆ ಮಗ್ವಾಯರ್ ತಲೆ. 5–4. ಕೋಚ್ ಮೇಲೆ ನಂಬಿಕೆ ಇಲ್ಲದ ತಂಡ ಹಾಗೆ ಆಡುವುದಿಲ್ಲ.

ಗೋಲುಗಾರ:
ಸ್ವಂತ ಮೈದಾನದಲ್ಲಿ 2–0 ಮುಂದಿದ್ದು, ಹತ್ತು ಜನ ಉಳಿದ ತಂಡಕ್ಕೆ 4–2 ಆಗೋಕೆ ಬಿಟ್ಟದ್ದು ಯಾರು? ಮನೆಗೆ ಬೆಂಕಿ ಹಚ್ಚಿ ತಾನೇ ಆರಿಸಿದವನಿಗೆ ಹಾರ ಹಾಕುತ್ತೀರಿ. ಮತ್ತೆ ನಿಮ್ಮ ಫಾರೆಸ್ಟ್ ಪಂದ್ಯದಲ್ಲಿ ಆ ಕಡೆ ಬೆಂಚಿನ ಮೇಲೆ ಕೂತಿದ್ದವರು ಯಾರು ಅಂತ ನೆನಪಿಸಿಕೊಳ್ಳಿ. ಫಾರೆಸ್ಟ್ ಕೋಚ್ ಬ್ರಯಾನ್ ಕ್ಲಫ್. ಎರಡನೇ ದರ್ಜೆಯಿಂದ ಮೇಲೆ ಬಂದ ಮರುವರ್ಷವೇ, 1978ರಲ್ಲಿ, ಲೀಗ್. 1979, 1980 ಎರಡೂ ವರ್ಷ ಯುರೋಪಿಯನ್ ಕಪ್. ಅವರು ಯಾರನ್ನೂ ಟೈಮ್ ಕೇಳಲಿಲ್ಲ.

ನೈಂಟೀಸ್ ನಂಜುಂಡ:
ಕೇಳಿದರು, ಸಿಕ್ಕಿತು. ಕ್ಲಫ್ ಫಾರೆಸ್ಟ್‌ಗೆ ಬಂದದ್ದು 1975ರ ಜನವರಿಯಲ್ಲಿ. ಎರಡನೇ ದರ್ಜೆಯಲ್ಲೇ ಮೊದಲು 16ನೇ ಸ್ಥಾನ, ಆಮೇಲೆ 8, ಆಮೇಲೆ 3. ಆಗ ಮೇಲೆ ಬಂದದ್ದು. ನೀವು ಸಿನಿಮಾ ಇಂಟರ್ವಲ್ ಆದ ಮೇಲೆ ಒಳಗೆ ಬಂದಿದ್ದೀರಿ. ಟೈಮ್ ಕೊಡದಿದ್ದವರು ಲೀಡ್ಸ್‌ನವರು. 1974ರಲ್ಲಿ 44 ದಿನಕ್ಕೆ ಕಳಿಸಿದರು.

ಗೋಲುಗಾರ:
16, 8, 3. ಅಂದರೆ ಪ್ರತಿ ವರ್ಷ ಮೇಲಕ್ಕೆ. ನಾನೂ ಅದನ್ನೇ ಕೇಳುತ್ತಿರುವುದು!

ಎಡಗಾಲು ಸುಮ:
ಹಾಗಾದರೆ ನೀವೂ ಒಂದು ಅಳತೆ ಹೇಳಿದ ಹಾಗಾಯಿತು. ಈ ವರ್ಷ 8ನೇ ಸ್ಥಾನ ಬಂದರೆ ಸುಮ್ಮನಿರುತ್ತೀರಾ?

ಗೋಲುಗಾರ:
8ನೇ ಸ್ಥಾನಕ್ಕೆ ನಾನು ಸುಮ್ಮನಿರಬೇಕಾ? ಇದು ಯುನೈಟೆಡ್ ಮೇಡಂ, ಎರಡನೇ ದರ್ಜೆಯ ಫಾರೆಸ್ಟ್ ಅಲ್ಲ. ಹತ್ತು ಪಂದ್ಯ ಕೊಡುತ್ತೇನೆ. ಅಷ್ಟರಲ್ಲಿ ಮೊದಲ ಆರರಲ್ಲಿ ಇಲ್ಲದಿದ್ದರೆ ಬ್ಯಾನರ್ ಬಟ್ಟೆ ತರುತ್ತೇನೆ.

ಕೆಂಪಂಗಿ:
ತನ್ನಿ. 1989ರ ಆ ಬ್ಯಾನರ್ ಹಿಡಿದದ್ದು ಕ್ರಿಸ್ಟಲ್ ಪ್ಯಾಲೆಸ್ ಪಂದ್ಯದಲ್ಲಿ. ಐದು ತಿಂಗಳ ಮೇಲೆ ಎಫ್ಎ ಕಪ್ ಫೈನಲಿನಲ್ಲಿ ಸೋತದ್ದೂ ಅದೇ ಪ್ಯಾಲೆಸ್. ಬಟ್ಟೆ ದೊಡ್ಡದೇ ತನ್ನಿ, ಆಮೇಲೆ ಮುಖ ಮುಚ್ಚಿಕೊಳ್ಳೋಕೂ ಬೇಕಾಗುತ್ತದೆ.

ಗೋಲುಗಾರ:
ಆ ಫೈನಲ್ ಮೊದಲ ಸಲ 3–3, ರೀಪ್ಲೇಯಲ್ಲಿ 1–0. ಅದೂ ಕೂದಲೆಳೆಯೇ. ನಿಮ್ಮ ಇಡೀ ತಾಳ್ಮೆ ಸಿದ್ಧಾಂತ ಒಂದು ರೀಪ್ಲೇ, ಒಂದು ರಾಬಿನ್ಸ್ ಹೆಡರ್ ಮೇಲೆ ನಿಂತಿದೆ.

ಫಿರಂಗಿ:
ಹೆಡರ್‌ಗಿಂತ ಅದಕ್ಕೆ ಯುನೈಟೆಡ್‌ನ ಹ್ಯೂಸ್ ಹಾಕಿದ ಕ್ರಾಸ್ ನೋಡಿ. ಬಲಗಾಲಿನ ಹೊರಬದಿಯಿಂದ ಹಾಗೆ ತಿರುಗಿಸಿದ್ದು. ವಿರೋಧಿ ತಂಡದವನಾದರೂ ಚಪ್ಪಾಳೆ ಹೊಡೆಯಲೇಬೇಕು.

ಕೆಂಪಂಗಿ:
ಹೊರಬದಿಯಾ? ಒಳಬದಿ ಅಲ್ವಾ?

ಎಡಗಾಲು ಸುಮ:
ಸರಿ. ನಾನು ಹೋಗಿ ಡೋರ್ಗು ಆಟ ನೋಡುತ್ತೇನೆ.

ನೈಂಟೀಸ್ ನಂಜುಂಡ:
ಈಗ ಮತ್ತೆ ಹಾಕಿ ನೋಡಿದೆ. ಹೊರಬದಿಯೇ. ಆದರೆ ಫಿರಂಗಿಯವರು ಅದನ್ನು ಕ್ರಾಸ್ ಅಂದಿದ್ದಾರೆ. ನನ್ನ ಕಣ್ಣಿಗೆ ಅದು ಪಾಸ್.