ಅಮ್ಮ ಹೋದರು, ಗಂಡನ ಕೆಲಸವೂ ಹೋಯಿತು, ಇಲ್ಲಿ ಚರ್ಚಿನಲ್ಲಿ ಯಾರನ್ನು ಕೇಳಲಿ?

ಶಿರ್ವದವಳು, ಇಂಗ್ಲೆಂಡ್:
ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಊರಿನಲ್ಲಿ ಅಮ್ಮ ತೀರಿಕೊಂಡರು. ಹೋಗಲು ಆಗಲಿಲ್ಲ, ಅಂತ್ಯಸಂಸ್ಕಾರವನ್ನು ಮೊಬೈಲಿನಲ್ಲಿ ಲೈವ್ ನೋಡಿದೆ. ಈಗ ಗಂಡನನ್ನು ಕಂಪನಿಯವರು ತೆಗೆದಿದ್ದಾರೆ. ನಮ್ಮೆಲ್ಲರ ವೀಸಾ ಆ ಕೆಲಸದ ಮೇಲೆಯೇ ಇರುವುದು. ಊರಲ್ಲಾದರೆ ಸುದ್ದಿ ಸಿಕ್ಕಿದ ಕೂಡಲೇ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು ಅಂಗಳಕ್ಕೆ ಬರುತ್ತಿದ್ದರು, ಪಕ್ಕದ ಮನೆಯಿಂದ ಗಂಜಿ ಬರುತ್ತಿತ್ತು, ಸಂಜೆ ತೇರ್ಸ್‌ಗೆ (ಜಪಮಾಲೆ ಪ್ರಾರ್ಥನೆಗೆ) ಜನ ಸೇರುತ್ತಿದ್ದರು. ಇಲ್ಲಿ ಭಾನುವಾರ ಪೂಜೆ ಮುಗಿದರೆ ಒಂದು ಹಲೋ, ಆಮೇಲೆ ಎಲ್ಲರೂ ಕಾರು ಹತ್ತುತ್ತಾರೆ. ಮಗಳು ಬೇರೆ "ಅಜ್ಜಿಗೋಸ್ಕರ ಅಷ್ಟು ಬೇಡಿಕೊಂಡೆವಲ್ಲ, ಮತ್ತೆ ಯಾಕೆ ಹೋದರು?" ಅಂತ ಕೇಳುತ್ತಾಳೆ. ಸಹಾಯ ಕೇಳುವುದು ಹೇಗೆ ಇಲ್ಲಿ?

ಬಿಜೈಯವ, ಮ್ಯಾಂಚೆಸ್ಟರ್:
ಅಕ್ಕಾ, ಮೊದಲು ವೀಸಾ. ಸ್ಕಿಲ್ಡ್ ವರ್ಕರ್ ವೀಸಾ ಆದರೆ ಕಂಪನಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ) ತಿಳಿಸುತ್ತದೆ, ಆಮೇಲೆ ನಿಮಗೆ ಪತ್ರ ಬರುತ್ತದೆ. ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರೊಳಗೆ ಹೊಸ ಸ್ಪಾನ್ಸರ್, ಅಂದರೆ ವೀಸಾ ಕೊಡಿಸುವ ಕಂಪನಿ, ಬೇಕು. ಪತ್ರಕ್ಕೆ ಕಾಯಬೇಡಿ, ಇವತ್ತೇ ಹುಡುಕಲು ಶುರು ಮಾಡಿ. ಚರ್ಚಿನಲ್ಲಿ ಹೆಸರು ನೋಂದಾಯಿಸಿದ್ದೀರಾ? ಫಾರ್ಮ್ ತುಂಬದಿದ್ದರೆ ನೀವು ಇದ್ದೀರಿ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಸೈಂಟ್ ವಿನ್ಸೆಂಟ್ ದಿ ಪಾವ್ಲ್ ಸೊಸೈಟಿ ಊರಿನಂತೆ ಇಲ್ಲಿಯೂ ಇದೆ, ಮನೆಗೆ ಬಂದು ಮಾತಾಡುತ್ತಾರೆ, ಕಷ್ಟ ಇದ್ದರೆ ಸಾಮಾನಿಗೂ ಸಹಾಯ ಮಾಡುತ್ತಾರೆ. ಅಮ್ಮನ ಹೆಸರಲ್ಲಿ ಪೂಜೆ ಇಡಿಸಿ. ಆ ನೆಪದಲ್ಲಿ ಫಾದರ್ ಹತ್ತಿರ ಕೂತು ಮಾತಾಡಬಹುದು. ರಾತ್ರಿ ದುಃಖ ತಡೆಯಲು ಆಗದಿದ್ದರೆ ಸಮಾರಿಟನ್ಸ್ ಹೆಲ್ಪ್‌ಲೈನ್ 116 123, ಫ್ರೀ ನಂಬರ್.

ಕುಲಶೇಖರದ ಅಂಕಲ್, ದುಬೈ:
ಇದೆಲ್ಲ ಆಮೇಲೆ. ಮನೆಯಲ್ಲಿ ಸಂಜೆ ತೇರ್ಸ್ ಇದೆಯಾ? ಅದು ಹೇಳಿ ಮೊದಲು. ನಮ್ಮ ಕಾಲದಲ್ಲಿ ತೇರ್ಸ್ ಮುಗಿಯದೆ ಊಟ ಇಲ್ಲ. ಟಿಪ್ಪು 1784ರಲ್ಲಿ ನಮ್ಮ ಹಿರಿಯರನ್ನು, ಕರಾವಳಿಯ ಕ್ರೈಸ್ತರನ್ನು, ಶ್ರೀರಂಗಪಟ್ಟಣಕ್ಕೆ ಎಳೆದುಕೊಂಡು ಹೋದ. 1799ರ ತನಕ ಸೆರೆ. ಎಷ್ಟು ಜನ ದಾರಿಯಲ್ಲೇ ಸತ್ತರು. ಉಳಿದವರು ಬಂದು ಮತ್ತೆ ಚರ್ಚ್ ಕಟ್ಟಿದರು. ಅವರಿಗೆ ಯಾವ ಹೆಲ್ಪ್‌ಲೈನ್ ಇತ್ತು? ಈಗಿನವರಿಗೆ ಸ್ವಲ್ಪ ಕಷ್ಟ ಬಂದರೆ ಸಾಕು, ಫಾರ್ಮ್ ಎಲ್ಲಿ, ನಂಬರ್ ಎಲ್ಲಿ.

ಬಿಜೈಯವ:
ಅಂಕಲ್, ಅವರು ಸೆರೆಯಲ್ಲೂ ಒಟ್ಟಿಗೆ ಇದ್ದರು. ಇವರು ಒಬ್ಬರೇ ಇದ್ದಾರೆ.

ಕುಲಶೇಖರದ ಅಂಕಲ್:
ದೇವರು ಇರುವಾಗ ಒಬ್ಬರೇ ಹೇಗಾಗುತ್ತದೆ ಮಾರಾಯ?

ಬಂಟ್ವಾಳದವ, ಕುವೈಟ್:
ನನ್ನ ಅಪ್ಪ ಹೋದಾಗ ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿತ್ತು. ಕೊಡಲಿಲ್ಲ. ನಮ್ಮ ಕೊಂಕಣಿಯ ಹುಡುಗರು ರೂಮಿಗೆ ಬಂದು ನೆಲದ ಮೇಲೆ ಕೂತು ಪ್ರಾರ್ಥನೆ ಮಾಡಿದರು, ಟಿಕೆಟ್ಟಿಗೆ ಅಂತ ದುಡ್ಡೂ ಒಟ್ಟು ಮಾಡಿದರು. ಟಿಕೆಟ್ ಇತ್ತು, ಪಾಸ್‌ಪೋರ್ಟ್ ಇಲ್ಲ. ಈಗಲೂ ನವೆಂಬರ್ 2, ಸತ್ತವರಿಗಾಗಿ ಪ್ರಾರ್ಥಿಸುವ ದಿನ, ಬಂದರೆ ನಾನು ಯಾರ ಫೋನೂ ಎತ್ತುವುದಿಲ್ಲ. ಸಾರಿ ತಂಗಿ, ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ.

ಉಡುಪಿಯವ, ಸಿಎಸ್‌ಐ (ಪ್ರೊಟೆಸ್ಟಂಟ್ ಸಭೆ), ಜರ್ಮನಿ:
ನಿಮಗೆಲ್ಲ ಕೊಂಕಣಿ ಪೂಜೆ ಅಲ್ಲಲ್ಲಿ ಆದರೂ ಸಿಗುತ್ತದೆ, ನಮ್ಮ ಕನ್ನಡ ಆರಾಧನೆಗೆ ನಾವು ಎಲ್ಲಿಗೆ ಹೋಗಬೇಕು? ಇರಲಿ. ಅಂಕಲ್ ಇತಿಹಾಸ ತೆಗೆದರಲ್ಲ, ನಾನೂ ತೆಗೆಯುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಅವರಿಗೆ ಬರೀ ಪ್ರಾರ್ಥನೆ ಕೊಟ್ಟು ಕಳಿಸಲಿಲ್ಲ. ನೇಯ್ಗೆ ಕಲಿಸಿದರು, ಪ್ರೆಸ್ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಂದರೆ ಕೆಲಸ ಕೊಟ್ಟರು. ಹಾಗಾಗಿ ಅಕ್ಕಾ, ಗಂಡನ ಕೆಲಸದ ವಿಷಯ ಚರ್ಚಿನಲ್ಲಿ ಬಾಯಿ ಬಿಟ್ಟು ಹೇಳಿ, ನಾಚಿಕೆ ಬೇಡ. ಅಲ್ಲಿ ಕೂತವರಲ್ಲಿ ಯಾರ ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್ ಇದೆಯೋ ಯಾರಿಗೆ ಗೊತ್ತು.

ಕಲ್ಯಾಣಪುರ ಟೀಚರ್, ಐರ್ಲೆಂಡ್:
ಮಗಳ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ? ನಾನು ಇಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. "ದೇವರಿಗೆ ಅಜ್ಜಿ ಬೇಕಾಗಿತ್ತು" ಅಂತ ಮಾತ್ರ ಹೇಳಬೇಡಿ, ಮಗು ದೇವರ ಮೇಲೆ ಸಿಟ್ಟಾಗುತ್ತದೆ, ಇಲ್ಲವೇ ಮುಂದೆ ಅಮ್ಮನೂ ಬೇಕಾದರೆ ಅಂತ ಹೆದರುತ್ತದೆ. ಸ್ನೇಹಿತ ಲಾಜರ ಸತ್ತಾಗ ಯೇಸು ಅತ್ತದ್ದನ್ನು ಓದಿ ಹೇಳಿ, ಯೊವಾನ್ನನ ಸುವಾರ್ತೆ 11ರಲ್ಲಿದೆ. ಅವನನ್ನು ಮತ್ತೆ ಬದುಕಿಸಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ದೇವರನ್ನೇ ಯಾಕೆ ಕೈಬಿಟ್ಟೆ ಅಂತ ಕೇಳುವ 22ನೇ ಕೀರ್ತನೆಯೂ ಬೈಬಲಿನಲ್ಲೇ ಇದೆ. ನನಗೂ ಗೊತ್ತಿಲ್ಲ ಮಗಳೇ, ಒಟ್ಟಿಗೆ ಕೇಳೋಣ ಅಂದರೆ ಸಾಕು.

ಬೆಂದೂರಿನವಳು, ಟೊರೊಂಟೊ:
ನಮ್ಮ ಮಕ್ಕಳು ಮೊಂತಿ ಫೆಸ್ತ್‌ಗೆ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬಕ್ಕೆ) ಒಂಬತ್ತು ದಿನವೂ ಹೂ ಹಾಕುತ್ತಾರೆ. ಮಗ ಅಲ್ಟಾರ್ ಬಾಯ್, ಪೂಜೆಯಲ್ಲಿ ಫಾದರ್‌ಗೆ ಸಹಾಯ ಮಾಡುತ್ತಾನೆ. ಸಣ್ಣದರಲ್ಲೇ ಅಭ್ಯಾಸ ಮಾಡಿಸಿದರೆ ಇಂಥ ಪ್ರಶ್ನೆಗಳೇ ಬರುವುದಿಲ್ಲ.

ಕುಲಶೇಖರದ ಅಂಕಲ್:
ನೂರಕ್ಕೆ ನೂರು! ಅದನ್ನೇ ನಾನು ಹೇಳುತ್ತಿರುವುದು. ತೇರ್ಸ್, ತೇರ್ಸ್, ತೇರ್ಸ್.

ಶಿರ್ವದವಳು:
ಅಂಕಲ್, ತೇರ್ಸ್ ನಾವು ಬಿಟ್ಟಿಲ್ಲ. ಟೀಚರ್, ಥ್ಯಾಂಕ್ಸ್. ಬಿಜೈಯವರೇ, ಆ 60 ದಿನ ಲೆಕ್ಕ ಯಾವತ್ತಿನಿಂದ, ಕೆಲಸ ಬಿಟ್ಟ ದಿನದಿಂದಲಾ, ಪತ್ರದಿಂದಲಾ?

ಬೆಂದೂರಿನವಳು:
ಅಂಕಲ್, ದುಬೈಯಲ್ಲಿ ಮೊಂತಿ ಫೆಸ್ತ್‌ಗೆ ಹೊಸ ತೆನೆ ಊರಿನಿಂದಲೇ ತರಿಸುತ್ತೀರಾ?

ಬಿಜೈಯವ:
ಅಕ್ಕಾ, ಪತ್ರದಲ್ಲಿ ಕೊನೆಯ ತಾರೀಕು ಬರೆದಿರುತ್ತದೆ, ಅದೇ ಲೆಕ್ಕ. ಇಲ್ಲಿ ಮೆಸೇಜ್ ಮುಳುಗಿ ಹೋಗುತ್ತಿದೆ, ಗಂಡನ ಸಿವಿ ನನಗೆ ಪ್ರೈವೇಟಾಗಿ ಕಳಿಸಿ.