ಅಪ್‌ಡೇಟ್: ನಿಂತುಹೋಗಿದ್ದ ತೂಕ ಮತ್ತೆ ಇಳಿಯತೊಡಗಿದೆ

ಮೊದಮೊದಲು ಸರಸರನೆ ಇಳಿದ ತೂಕ ಏಕಾಏಕಿ ನಿಂತುಹೋಗಿ, ಹಾಸನದ ಮಹಾರಾಜ ಪಾರ್ಕಿನ ಬೆಳಗಿನ ನಡಿಗೆಯಲ್ಲೂ ಉತ್ಸಾಹ ಕುಗ್ಗಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನಿಜವಾಗಿ ಕೈಹಿಡಿದದ್ದು, ದಿನದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿ ತೂಕವನ್ನೂ ಸೊಂಟದ ಸುತ್ತಳತೆಯನ್ನೂ ಬರೆದಿಡಿ ಎಂಬ ಸಲಹೆ. ತೂಕದ ಮುಳ್ಳು ಅಲುಗಾಡದ ವಾರಗಳಲ್ಲೂ ಹೊಕ್ಕುಳ ಮೇಲೆ ಸುತ್ತಿದ ದರ್ಜಿಯ ಟೇಪು ಒಂದೊಂದು ಗೆರೆ ಹಿಂದೆ ಸರಿಯುತ್ತಿದ್ದುದನ್ನು ಕಂಡಾಗ ಹೋದ ಹುರುಪು ಮರಳಿತು. ಜೀರಿಗೆ ನೀರಿನಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ರಾತ್ರಿಯೂಟ ಬಿಡುವುದಂತೂ ನನಗೆ ಒಗ್ಗಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿಗೆ ಲೆಕ್ಕವೇ ಇರುತ್ತಿರಲಿಲ್ಲ.

ಆಹಾರತಜ್ಞೆಯೊಬ್ಬರು ವಿವರಿಸಿದ ಸಂಗತಿ ನನಗೆ ಹೊಸತು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಊಟ ತಗ್ಗಿಸಿದಾಗ ಮೊದಲು ಇದು ಖರ್ಚಾಗಿ ಆ ನೀರೂ ಹೊರಹೋಗುವುದರಿಂದ, ಆರಂಭದಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರೇ ಆಗಿರುತ್ತದೆ. ಮದುವೆಯೂಟದ ಮರುದಿನ ಒಂದು ಕಿಲೋ ಏರಿದರೂ ಅದು ಹೆಚ್ಚಾಗಿ ಉಪ್ಪು ಹಿಡಿದಿಟ್ಟ ನೀರು, ಕೊಬ್ಬಲ್ಲ. ಅಲ್ಲದೆ ಹಗುರವಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ; ಹಿಂದೆ ತೂಕ ಇಳಿಸಿದ ಊಟವೇ ಈಗ ಅದನ್ನು ಇದ್ದಲ್ಲೇ ನಿಲ್ಲಿಸುತ್ತದೆ.

ಆದ್ದರಿಂದ ಮುದ್ದೆಯ ಗಾತ್ರ ತಗ್ಗಿಸಿ, ಸಾರಿನಲ್ಲಿ ಹುರುಳಿಕಾಳು ಹೆಚ್ಚಿಸಿ, ಸ್ನಾಯು ಕರಗದಿರಲೆಂದು ಹಗುರ ಡಂಬೆಲ್ಸ್ ವ್ಯಾಯಾಮವನ್ನೂ ಸೇರಿಸಿಕೊಂಡಿದ್ದೇನೆ. ವಾರದ ಸರಾಸರಿ ನಿಧಾನವಾಗಿಯಾದರೂ ಮತ್ತೆ ಇಳಿಯುತ್ತಿದೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮಾತ್ರ ಊಟ ಬದಲಿಸುವ ಮುನ್ನ ತಮ್ಮ ವೈದ್ಯರನ್ನು ತಪ್ಪದೆ ಕೇಳಿ.