ಅಪ್‌ಡೇಟ್: ಸಿಗ್ನಲ್‌ನಲ್ಲಿ ನಿಂತುಹೋಗುತ್ತಿದ್ದ ಅಂಬಾಸಡರ್ ಎಂಜಿನ್

ಎಂಜಿನ್ ಬಿಸಿಯಾದ ಮೇಲೆ ಪ್ರತಿ ಸಿಗ್ನಲ್‌ನಲ್ಲೂ ನಿಂತುಹೋಗುತ್ತಿದ್ದ ನನ್ನ ಹಳೆಯ ಅಂಬಾಸಡರ್ (1489 ಸಿಸಿ ಪೆಟ್ರೋಲ್, ಪೆಟ್ರೋಲ್‌ಗೆ ಗಾಳಿ ಬೆರೆಸಲು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್) ಬಗ್ಗೆ ಸಲಹೆ ಕೇಳಿದ್ದೆ. ಈಗ ಅದು ಸರಿಯಾಗಿದೆ.

ಪಾಯಿಂಟ್ ಗ್ಯಾಪ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕಗಳ ನಡುವಿನ ಅಂತರ) ಅನ್ನು 0.015 ಇಂಚಿಗೆ ಹೊಂದಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದ್ದರಿಂದ ಸ್ಟಾರ್ಟಿಂಗ್ ಸುಧಾರಿಸಿತೇ ಹೊರತು ನಿಂತುಹೋಗುವುದು ತಪ್ಪಲಿಲ್ಲ. ಐಡಲ್ ಜೆಟ್ (ಕಾರು ನಿಂತು ಎಂಜಿನ್ ನಿಧಾನವಾಗಿ ಓಡುವಾಗ, ಅಂದರೆ ಐಡಲಿಂಗ್‌ನಲ್ಲಿ, ಪೆಟ್ರೋಲ್ ಕೊಡುವ ಸಣ್ಣ ರಂಧ್ರ) ಶುಚಿಗೊಳಿಸಿ ಎಂದವರು ಹಲವರು; ಆದರೆ ಎಸ್‌ಯುನಲ್ಲಿ ಪ್ರತ್ಯೇಕ ಐಡಲ್ ಜೆಟ್ಟೇ ಇಲ್ಲ, ಎಲ್ಲ ವೇಗಕ್ಕೂ ಒಂದೇ ಜೆಟ್ ಮತ್ತು ಅದರೊಳಗೆ ಏರಿಳಿಯುವ ಸೂಜಿ ಎಂಬುದು ನನಗೂ ಹೊಸ ವಿಷಯ.

ಫಲಿಸಿದ್ದು ಥ್ರಾಟಲ್ ಸ್ಪಿಂಡಲ್ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ತಟ್ಟೆ ತಿರುಗುವ ಕಡ್ಡಿ) ಅಲುಗಾಡಿಸಿ ನೋಡಿ ಎಂದ ಹಿರಿಯರೊಬ್ಬರ ಮಾತು. ಸ್ಪಿಂಡಲ್ ಸವೆದು, ಅದರ ಸುತ್ತಲಿನ ಸಂದಿಯಿಂದ ಗಾಳಿ ಒಳನುಗ್ಗುತ್ತಿತ್ತು. ಓಡುವಾಗ ಎಂಜಿನ್ ಎಳೆದುಕೊಳ್ಳುವ ಅಪಾರ ಗಾಳಿಯ ಮುಂದೆ ಈ ಸೋರಿಕೆ ಲೆಕ್ಕಕ್ಕಿಲ್ಲ. ಆದರೆ ಐಡಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿ, ಮ್ಯಾನಿಫೋಲ್ಡ್‌ನ (ಕಾರ್ಬ್ಯುರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆಯ) ನಿರ್ವಾತ ಹೆಚ್ಚಿರುವುದರಿಂದ, ಅಷ್ಟೇ ಗಾಳಿ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ತೆಳುವಾಗಿಸಿ ಎಂಜಿನ್ ನಿಲ್ಲಿಸುತ್ತದೆ. ಲೇತ್ ಅಂಗಡಿಯಲ್ಲಿ ಸ್ಪಿಂಡಲ್ ತಿರುಗುವ ರಂಧ್ರಕ್ಕೆ ಹೊಸ ಬುಶ್ (ಒಳಬಳೆ) ಕೂರಿಸಿ, ಹೊಸ ಸ್ಪಿಂಡಲ್ ಹಾಕಿಸಿದೆ.

ಅನಂತರ ಮಿಶ್ರಣವನ್ನು ಮತ್ತೆ ಹೊಂದಿಸುವುದು ಕಡ್ಡಾಯ. ಕಾರ್ಬ್ಯುರೇಟರ್‌ನೊಳಗೆ ಆ ಸೂಜಿಯನ್ನು ಹೊತ್ತ ಪಿಸ್ಟನ್ ಅನ್ನು ಸುಮಾರು 0.8 ಮಿ.ಮೀ. ಎತ್ತಿದಾಗ ಎಂಜಿನ್ ವೇಗ ಕ್ಷಣಕಾಲ ತುಸು ಏರಿ ಇಳಿದರೆ ಮಿಶ್ರಣ ಸರಿಯಿದೆ. ಏರಿ ಹಾಗೆಯೇ ಉಳಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ.